ಬೋಣಿ ದುಡ್ಡು

ಆ ಮನೆಯಲ್ಲಿ ಹತ್ತಿ ಸೇರದ ಜಾಗವೇ ಇರಲಿಲ್ಲ. ಅನ್ನದ ತಟ್ಟೆಯಲ್ಲಿ ಹತ್ತಿ, ಒಣಗಲು ಹಾಕಿದ ಬಟ್ಟೆಯಲ್ಲಿ ಹತ್ತಿ, ಬಾಗಿಲ ಸಂದಿಯಲ್ಲಿ ಹತ್ತಿ. ಮಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಿಗ್ಗೆ ಶಾಲೆಯ ವ್ಯಾನ್ ಓಡಿಸಲು ಹತ್ತಿದರೆ, ಹಿಂದೆ ಕೂತ ಮಕ್ಕಳು ಅವನ ಬೆನ್ನಿಗಂಟಿದ ಹತ್ತಿಯನ್ನು ಆರಿಸಿ ಕಿಟಕಿಯಿಂದ ಊದಿ ಆಟವಾಡುತ್ತಿದ್ದರು. ಬೀದಿಯವರು ಅದನ್ನು ಹತ್ತಿ ಮನೆ ಎಂದೇ ಕರೆಯುತ್ತಿದ್ದರು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಸೀನಿ ಸೀನಿ ಸುಸ್ತಾಗಿದ್ದಳು. ಈಗ ಸೀನು ನಿಂತು, ಹತ್ತಿಯ ಜೊತೆ ಅವಳಿಗೂ ಒಂದು ಬಗೆಯ ಸಲಿಗೆ ಬಂದಿತ್ತು.

ಮಾವ ಇದ್ದಾಗ ಮಾರುಕಟ್ಟೆಯ ಮೂಲೆಯಲ್ಲಿ ದಿಂಬು, ಹಾಸಿಗೆಯ ಅಂಗಡಿಯಿತ್ತು. ಸ್ಪಂಜಿನ ಹಾಸಿಗೆಗಳು ಬಂದು ಅದರ ಉಸಿರು ಕಟ್ಟಿಸಿದವು. ಅಂಗಡಿ ಮುಚ್ಚಿತು, ಅದರ ಹಿಂದೆಯೇ ಮಾವನೂ ಹೋದರು. ಉಳಿದದ್ದು ಹತ್ತಿ ಹಿಂಜುವ ಹಳೆಯ ಯಂತ್ರ, ಮುಚ್ಚಳ ಬಿಗಿಯಾದ ಒಂದು ತಗಡಿನ ಡಬ್ಬಿ, ಅತ್ತೆಯ ತುರುಬಿನಲ್ಲಿ ಸದಾ ಸಿಕ್ಕಿಕೊಂಡಿರುವ ದಪ್ಪ ಸೂಜಿ, ಮತ್ತೆ ಮಾವನ ಒಂದಷ್ಟು ಮಾತುಗಳು. ಅತ್ತೆ ಯಂತ್ರಕ್ಕಿಂತ ಆ ಮಾತುಗಳನ್ನೇ ಹೆಚ್ಚು ಜೋಪಾನ ಮಾಡಿದ್ದರು.

ಅದರಲ್ಲೊಂದು ಬೋಣಿಯ ಮಾತು. ದಿನದ ಮೊದಲ ವ್ಯಾಪಾರದ ದುಡ್ಡನ್ನು ಮಾವ ಎಣಿಸುತ್ತಿರಲಿಲ್ಲ. ಗಿರಾಕಿ ಕೊಟ್ಟದ್ದನ್ನು ಕೊಟ್ಟ ಹಾಗೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರೆ, ಮತ್ತೆ ತೆಗೆಯುವುದು ಸಂಜೆ ಬಾಗಿಲು ಹಾಕುವಾಗಲೇ. "ಮೊದಲನೇ ಗಿರಾಕಿ ಎದುರಿಗೇ ಎಣಿಸಿದ್ರೆ ಅವನನ್ನ ಅನುಮಾನಪಟ್ಟ ಹಾಗೆ. ಬೆಳಿಗ್ಗೆ ಬೆಳಿಗ್ಗೆನೇ ಅನುಮಾನ ಹಚ್ಚಿಕೊಂಡ್ರೆ ದಿನವೆಲ್ಲಾ ಅದರಲ್ಲೇ ಕಳೀಬೇಕಾಗುತ್ತೆ" ಎನ್ನುತ್ತಿದ್ದರಂತೆ. ಅಂಗಡಿ ಹೋದರೂ ಈ ನೇಮ ಹೋಗಲಿಲ್ಲ. ಪಕ್ಕದ ಬೀದಿಯವರು ಬಂದು ಮಗುವಿಗೊಂದು ಪುಟ್ಟ ದಿಂಬು ಕೊಂಡರೂ ಆ ದುಡ್ಡು ಸಂಜೆಯವರೆಗೆ ಡಬ್ಬಿಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಹೀಗೆ ಮನೆಗೆ ಬಂದು ಕೊಳ್ಳುವವರೂ ಕಡಿಮೆಯಾದಾಗ, ಫೋನಿನಲ್ಲಿ ಮಾರೋಣ ಎಂದವಳು ಸೊಸೆ.

"ದಿಂಬನ್ನ ಫೋನಲ್ಲಿ ಹೇಗೆ ಮಾರ್ತೀಯ? ಒತ್ತಿ ನೋಡದೆ ಯಾರು ತಗೋತಾರೆ?" ಎಂದರು ಅತ್ತೆ.

"ಒತ್ತಿ ನೋಡೋಕೆ ನಿಮ್ಮ ಮಗ ಇದ್ದಾರಲ್ಲ ಅತ್ತೆ. ಅವರನ್ನ ಮಲಗಿಸಿ ಫೋಟೋ ತೆಗೆದು ಹಾಕ್ತೀನಿ."

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದ ಗಂಡನನ್ನು ಮಂಚಕ್ಕೆಳೆದು ದಿಂಬಿನ ಮೇಲೆ ತಲೆ ಇಡಿಸಿದಳು. ಚಂದವಾಗಿ ನಿದ್ದೆ ಮಾಡಿದ ಹಾಗೆ ನಟಿಸಿ ಎಂದರೆ, ಅವನು ನಿಜವಾಗಿಯೇ ನಿದ್ದೆ ಹೋಗಿ ಬಾಯಿ ಬಿಟ್ಟು ಗೊರಕೆ ಹೊಡೆದ. ಅದೇ ಫೋಟೋ ಹಾಕಿದಳು. "ನಮ್ಮ ದಿಂಬಿನ ತಾಕತ್ತು ನೋಡಿ" ಎಂದು ಕೆಳಗೆ ಬರೆದಳು. ಬೀದಿಯೆಲ್ಲ ನಕ್ಕಿತು. ವ್ಯಾನಿನ ಮಕ್ಕಳು ವಾರವೆಲ್ಲ ಅವನೆದುರು ಗೊರಕೆ ಹೊಡೆದು ತೋರಿಸಿದವು. ಅವನು ಮುಖ ಗಂಟಿಕ್ಕಿಕೊಂಡರೂ ಒಳಗೊಳಗೇ ಖುಷಿಯಾಗಿದ್ದ.

ಮೊದಲ ಗಿರಾಕಿ ಫೋನು ಮಾಡಿದ್ದು ಒಂದು ಬೆಳಿಗ್ಗೆ. ಸೊಸೆ ಒಲೆಯ ಮೇಲೆ ಬೇಳೆ ಇಟ್ಟು ಆಲೂಗಡ್ಡೆ ಹೆಚ್ಚುತ್ತಿದ್ದಳು. ಅತ್ತೆ ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುತ್ತಿದ್ದರು.

"ಅಕ್ಕಾ, ನಿಮ್ಮ ದಿಂಬು ನೋಡಿದೆ. ನಮ್ಮದು ಹೊಸ ವಸತಿಗೃಹ. ಮೊದಲು ಒಂದು ಕಳಿಸಿ, ಹಿಡಿಸಿದ್ರೆ ಐವತ್ತು ತಗೋತೀವಿ" ಎಂದಿತು ಒಂದು ಗಂಡು ಧ್ವನಿ. ಜೇನು ಸವರಿದಂಥ ಧ್ವನಿ. "ದಿಂಬಿನ ಎಂಟುನೂರು ಈಗಲೇ ಹಾಕಿಬಿಡ್ತೀನಿ ಅಕ್ಕ, ಸಾಲ ಇಟ್ಕೊಳ್ಳೋದು ನನಗಾಗಲ್ಲ."

ಐವತ್ತು ದಿಂಬು! ಸೊಸೆಯ ಕೈಯಲ್ಲಿನ ಚಾಕು ನಿಂತಿತು. ಅವಳ ಫೋನು ಕಿಣಿಕಿಣಿ ಎಂದು ಒಂದು ಸಂದೇಶ ತೋರಿಸಿತು. ಬ್ಯಾಂಕಿನಿಂದ ಬರುವಂಥದೇ ಒಕ್ಕಣೆ: ನಿಮ್ಮ ಖಾತೆಗೆ ಎಂಟು ಸಾವಿರ ಜಮಾ ಆಗಿದೆ.

"ಅಯ್ಯಯ್ಯೋ ಅಕ್ಕಾ!" ಧ್ವನಿ ಒಮ್ಮೆಲೇ ಅಳುವ ಹಾಗಾಯಿತು. "ಅವಸರದಲ್ಲಿ ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ. ಎಂಟುನೂರರ ಬದಲು ಎಂಟು ಸಾವಿರ ಹೋಯ್ತು. ಮಾಲೀಕರಿಗೆ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ. ಮಿಕ್ಕಿದ್ದನ್ನ ಈಗಲೇ ವಾಪಸ್ ಹಾಕಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ."

ಸೊಸೆ ದಡ್ಡಿಯಲ್ಲ. ಖಾತೆಯನ್ನು ತೆರೆದು ನೋಡೋಣವೆಂದು ಹೆಬ್ಬೆರಳು ಅತ್ತ ಹೊರಳಿಯೂ ಆಗಿತ್ತು. ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಯಂತ್ರದ ಸದ್ದು ನಿಂತು ಅತ್ತೆಯ ಕೂಗು ಬಂತು.

"ದುಡ್ಡು ಬಂದ ಸದ್ದಲ್ವೇನೇ ಅದು? ಬೋಣಿ ಕಣೇ! ತೆಗೆದು ನೋಡಬೇಡ, ಎಣಿಸಬೇಡ. ಸಂಜೆವರೆಗೂ ಹಾಗೇ ಮುಚ್ಚಿಡು!"

ಆ ಕೂಗಿನಲ್ಲಿ ಎಷ್ಟೋ ದಿನದಿಂದ ಕೇಳದ ಸಂಭ್ರಮವಿತ್ತು. ಸೊಸೆಯ ಹೆಬ್ಬೆರಳು ಹಿಂದೆ ಸರಿಯಿತು. ಪಾಪ, ಯಾರೋ ಕೆಲಸದ ಹುಡುಗ ಅಳುತ್ತಿದ್ದಾನೆ; ಸಂದೇಶವಂತೂ ಬಂದಿದೆ; ಮೊದಲನೇ ಗಿರಾಕಿಯನ್ನು ಅನುಮಾನಿಸುವುದೇ? ಏಳು ಸಾವಿರದ ಇನ್ನೂರನ್ನು ಅವನು ಹೇಳಿದ ನಂಬರಿಗೆ ಹಾಕಿದಳು. ಆಮೇಲೆ ಡಬ್ಬಿಯಲ್ಲಿ ಫೋನು ಹಿಡಿಸದ ಕಾರಣ ಹೊಸ ದಿಂಬಿನ ಕೆಳಗೆ ಅದನ್ನು ಮಗುಚಿ ಇಟ್ಟು, ಉಳಿದ ಆಲೂಗಡ್ಡೆ ಹೆಚ್ಚಿದಳು.

ಅವಳ ಖಾತೆಯಲ್ಲಿದ್ದದ್ದು ಅವಳ ದುಡ್ಡಲ್ಲ. ವ್ಯಾನಿನ ಹಿಂದಿನ ಚಕ್ರಗಳು ಸವೆದು ಬೋಳಾಗಿದ್ದವು. ಹೊಸ ಟೈರಿಗೆಂದು ಗಂಡ ಕೂಡಿಸಿದ್ದು ಅದು. ತನ್ನ ಕೈಯಲ್ಲಿದ್ದರೆ ಕರಗಿಹೋಗುತ್ತದೆ ಎಂದು ಅವನೇ ಅವಳ ಖಾತೆಗೆ ಹಾಕಿಸಿದ್ದ.

ಸಂಜೆ ಅತ್ತೆ ಕೈಕಾಲು ತೊಳೆದು ಬಂದು ಕೂತರು. "ಹೂಂ, ಈಗ ತೆಗಿ ನೋಡೋಣ" ಎಂದರು, ಥೇಟು ಅಂಗಡಿಯ ದಿನಗಳ ಹಾಗೆ. ಸೊಸೆ ದಿಂಬೆತ್ತಿ ಫೋನು ತೆಗೆದು ಖಾತೆ ನೋಡಿದಳು. ಮತ್ತೊಮ್ಮೆ ನೋಡಿದಳು. ಬಂದದ್ದು ಏನೂ ಇಲ್ಲ, ಹೋದದ್ದು ಮಾತ್ರ ಇದೆ.

"ಎಷ್ಟಿದೆ?" ಎಂದರು ಅತ್ತೆ.

ಸೊಸೆ ಫೋನನ್ನು ಅತ್ತೆಯ ಕಡೆ ತಿರುಗಿಸಿದಳು. ಕಣ್ಣಲ್ಲಿ ನೀರು ಬಂತು.

ಮಗ ಬಂದಾಗ ಅನ್ನ ತಣ್ಣಗಾಗಿತ್ತು. ವಿಷಯ ಕೇಳಿ ತಟ್ಟೆಯನ್ನು ಆಚೆ ತಳ್ಳಿದ.

"ಬಂದಿದೆಯಾ ಇಲ್ವಾ ಅಂತ ಒಂದು ಸಲ ನೋಡೋಕಾಗಲಿಲ್ವಾ ನಿಂಗೆ? ಒಂದೇ ಒಂದು ಸಲ!"

"ಸಂದೇಶ ಬಂದಿತ್ತು ರೀ. ಬ್ಯಾಂಕಿಂದು ಅಂತಲೇ..."

"ಸಂದೇಶ! ನಾಳೆ ನಾನೂ ಕಳಿಸ್ತೀನಿ, ನಿನ್ನ ಖಾತೆಗೆ ಲಕ್ಷ ಬಂದಿದೆ ಅಂತ. ಕುಣೀತೀಯಾ? ಆ ವ್ಯಾನಲ್ಲಿ ಕೂರೋದು ಊರ ಮಕ್ಕಳು ಕಣೇ. ಬೋಳು ಟೈರಲ್ಲಿ ಅವರನ್ನ ಹೊತ್ಕೊಂಡು ಹೋಗ್ಲಾ?"

ಸೊಸೆ ಬಾಯಿ ತೆರೆದಳು. ನೋಡಬೇಕು ಅಂತಲೇ ಇದ್ದೆ, ಆದರೆ... ಎನ್ನುವಷ್ಟರಲ್ಲಿ ಕಣ್ಣು ಅತ್ತೆಯ ಮೇಲೆ ಬಿತ್ತು. ಅತ್ತೆ ಗೋಡೆಗೊರಗಿ ಕೂತು ಸೀರೆಗೆ ಅಂಟಿದ ಹತ್ತಿಯನ್ನು ಒಂದೊಂದಾಗಿ ಕೀಳುತ್ತಿದ್ದರು. ತಲೆ ಎತ್ತಲಿಲ್ಲ. ಬೆಳಿಗ್ಗೆ ತಾನು ಕೂಗಿದ್ದು ಅವರಿಗೆ ನೆನಪಿತ್ತು. ನೆನಪಿದೆ ಎಂಬುದು ಆ ಬೆರಳುಗಳಲ್ಲೇ ಕಾಣುತ್ತಿತ್ತು.

ಸೊಸೆ ಬಾಯಿ ಮುಚ್ಚಿದಳು. ಗಂಡ ಸತ್ತ ಮೇಲೆ ಆ ಹೆಂಗಸಿಗೆ ಉಳಿದಿದ್ದ ಆಸ್ತಿ ಅಂಥ ನಾಲ್ಕು ಮಾತುಗಳು. ಅದರಿಂದಲೇ ಮನೆಯ ದುಡ್ಡು ಹೋಯಿತು ಎಂದು ಮಗನೆದುರು ಹೇಳಿದರೆ ಆ ಮುಖ ಏನಾಗಬೇಡ? ಹಾಗೆಂದು ಅವಳೇನೂ ಕ್ಷಮೆಯ ಮೂರ್ತಿಯಲ್ಲ. ಅತ್ತೆಯೇ ಹೇಳಬಾರದೇ, ಒಂದು ಮಾತು ಆಡಿದರೆ ನಾಲಿಗೆ ಸವೆಯುತ್ತದೆಯೇ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಅತ್ತೆ ಹೇಳಲಿಲ್ಲ. ಆ ರಾತ್ರಿಯೂ ಇಲ್ಲ, ಮರುದಿನವೂ ಇಲ್ಲ.

ಠಾಣೆಗೆ ಹೋಗಿ ದೂರು ಕೊಟ್ಟು ಬಂದರು. ಅಲ್ಲಿದ್ದಾಕೆ ಒಳ್ಳೆಯವಳೇ. "ಹೋದ ಕೂಡಲೇ ಬಂದಿದ್ರೆ ತಡೆಯೋಕೆ ಪ್ರಯತ್ನಪಡಬಹುದಿತ್ತು. ಈಗ ನೋಡೋಣ" ಎಂದಳು. ಹಾಗೆ ಹೇಳುವುದರ ಅರ್ಥ ಇಬ್ಬರಿಗೂ ಗೊತ್ತಾಯಿತು. ವ್ಯಾನಿಗೆ ಒಂದೇ ಟೈರು ಸಾಲದಲ್ಲಿ ಬಂತು. ಇನ್ನೊಂದಕ್ಕೆಂದು ಮಗ ಭಾನುವಾರವೂ ಬಾಡಿಗೆಗೆ ಓಡಿಸತೊಡಗಿದ, ಮನೆಯಲ್ಲಿ ಮಾತು ಕಡಿಮೆ ಮಾಡಿದ. ಊಟಕ್ಕೆ ಕೂತರೆ "ಉಪ್ಪು", "ನೀರು", "ಸಾಕು", ಇಷ್ಟೇ.

"ಆ ಫೋನಿನ ಅಂಗಡಿ ಮುಚ್ಚಿಬಿಡು. ನಿನ್ನ ಕೈಲಿ ಆಗೋ ಕೆಲಸ ಅಲ್ಲ" ಎಂದ ಒಂದು ದಿನ.

"ಮುಚ್ಚಲ್ಲ" ಎಂದಳು ಸೊಸೆ. "ಹೋದ ದುಡ್ಡು ಅಲ್ಲೇ ದುಡಿದು ಕೊಡ್ತೀನಿ. ಆಮೇಲೆ ಬೇಕಾದ್ರೆ ಮುಚ್ಚೋಣ."

ಅವಳು ಹಟಕ್ಕೆ ಬಿದ್ದಳು. ಬ್ಯಾಂಕಿಗೆ ಹೋಗಿ ಕೌಂಟರಿನಾತನ ತಲೆ ತಿಂದು, ಯಾವುದು ನಿಜವಾದ ಸಂದೇಶ, ಯಾವುದು ಸುಳ್ಳು ಎಂದು ಕೇಳಿದಳು. ಸದ್ದು ಬಂದರೆ ದುಡ್ಡು ಬಂದ ಹಾಗಲ್ಲ. ಸಂದೇಶ ಬಂದರೂ ಬಂದ ಹಾಗಲ್ಲ. ಖಾತೆಯನ್ನು ತಾನೇ ತೆರೆದು ನೋಡಿ, ಅಲ್ಲಿ ಕಂಡರೆ ಮಾತ್ರ ಬಂದ ಹಾಗೆ. ವಾಪಸ್ ಕೊಡುವುದಿದ್ದರೆ ಬಂದ ದಾರಿಯಲ್ಲೇ ಕೊಡಬೇಕು, ಗಿರಾಕಿ ಹೇಳಿದ ಬೇರೆ ನಂಬರಿಗಲ್ಲ. ದಿಂಬು ಕಟ್ಟುವಾಗ ಹೊಲಿಗೆಯ ನಾಲ್ಕೂ ಮೂಲೆ ಕಾಣುವಂತೆ ವಿಡಿಯೋ ತೆಗೆಯಬೇಕು. ಇದನ್ನೆಲ್ಲ ಈರುಳ್ಳಿ ಹೆಚ್ಚುವಾಗ, ನೆಲ ಒರೆಸುವಾಗ ಬಾಯಿಪಾಠ ಒಪ್ಪಿಸುತ್ತಿದ್ದಳು.

ಕಲಿತದ್ದು ಕೆಲಸಕ್ಕೂ ಬಂತು. ನಿಮ್ಮ ಅಂಗಡಿ ಪರಿಶೀಲನೆ ಆಗಬೇಕು, ಈ ಕೊಂಡಿ ಒತ್ತಿ ಎಂದು ಒಬ್ಬ ಬರೆದ. ಅವನಿಗೆ ಗಂಡನ ಗೊರಕೆಯ ಫೋಟೋ ಕಳಿಸಿದಳು. ಹರಿದ ದಿಂಬು ಕಳಿಸಿದ್ದೀರಿ, ದುಡ್ಡು ವಾಪಸ್ ಕೊಡಿ ಎಂದು ಇನ್ನೊಬ್ಬ ಫೋಟೋ ಸಮೇತ ಜಗಳಕ್ಕೆ ಬಂದ. ಫೋಟೋದಲ್ಲಿದ್ದದ್ದು ಸ್ಪಂಜಿನ ದಿಂಬು.

"ನಮ್ಮ ದಿಂಬಿಗೆ ಸ್ಪಂಜು ತುಂಬಿದ್ರೆ ನಮ್ಮತ್ತೆ ನನ್ನನ್ನೇ ಚೀಲಕ್ಕೆ ತುಂಬಿ ಹೊಲೀತಾರೆ ಸ್ವಾಮಿ" ಎಂದು ಫೋನಿಟ್ಟಳು.

ಹಿಂದಿನ ಕೋಣೆಯಿಂದ ಅತ್ತೆ ನಕ್ಕ ಸದ್ದು ಕೇಳಿಸಿತು. ಒಡನೆಯೇ ನಿಂತಿತು. ನಗುವುದಕ್ಕೂ ತನಗೆ ಹಕ್ಕಿಲ್ಲ ಎಂಬಂತೆ.

ಅತ್ತೆಯ ವಿಷಯ ಬೇರೆಯೇ ಆಗಿತ್ತು. ಆ ವಾರಗಳಲ್ಲಿ ಅವರು ತುಂಬಿದ ದಿಂಬುಗಳೆಲ್ಲ ಕಲ್ಲು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹತ್ತಿಯ ಜೊತೆ ಗಿಡಿದು ಗಿಡಿದು ತುಂಬುತ್ತಿದ್ದರು. ಸೊಸೆ ಒತ್ತಿ ನೋಡಿದರೆ ಬೆರಳು ಒಳಗೆ ಇಳಿಯುತ್ತಿರಲಿಲ್ಲ.

"ಅತ್ತೆ, ಇದರ ಮೇಲೆ ಮಲಗಿದ್ರೆ ತಲೆ ಒಡೆಯುತ್ತೆ. ಸ್ವಲ್ಪ ತೆಗೀರಿ."

"ತೆಗೀತೀನಿ ಬಿಡು" ಎಂದು ತುರುಬಿನ ಸೂಜಿ ಎಳೆದು ಹೊಲಿಗೆ ಬಿಚ್ಚುತ್ತಿದ್ದರು. ಏನೋ ಹೇಳಲು ಬಾಯಿ ತೆರೆಯುತ್ತಿದ್ದರು. "ನೋಡಮ್ಮಾ, ಅವತ್ತು..." ಅಷ್ಟರಲ್ಲಿ ಹೊರಗೆ ವ್ಯಾನು ನಿಂತ ಸದ್ದಾದರೆ ಆ ಮಾತನ್ನೂ ಹತ್ತಿಯೊಳಗೆ ತುರುಕಿ ಹೊಲಿದುಬಿಡುತ್ತಿದ್ದರು. ಬೆಳಗಿನ ಬೋಣಿಯ ಕೂಗಂತೂ ನಿಂತೇಹೋಗಿತ್ತು.

ಹೀಗಿರುವಾಗ ಒಬ್ಬ ಹೆಂಗಸು ಫೋನು ಮಾಡಿದಳು. ವಯಸ್ಸಾದ ಧ್ವನಿ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳಂತೆ, ಕತ್ತು ನೋವಂತೆ. ದಿಂಬು ನಾಲ್ಕು ಬೆರಳು ಎತ್ತರವಿರಬೇಕು, ಐದಾಗಬಾರದು. ಮೆತ್ತಗಿರಬೇಕು, ಆದರೆ ಕುಸಿಯಬಾರದು. ಇದನ್ನು ಹೇಳಲು ಎರಡು ದಿನದಲ್ಲಿ ಎಷ್ಟು ಸಲ ಕರೆದಳೋ! ಕೊನೆಗೂ ಒಂದು ಬೆಳಿಗ್ಗೆ ದುಡ್ಡು ಹಾಕಿಸಿದಳು. ಸೊಸೆ ಖಾತೆ ತೆರೆದು ನೋಡಿದಳು. ಎಂಟುನೂರು ಬಂದಿತ್ತು, ಆದರೆ ಕಳಿಸಿದವರ ಹೆಸರಿನ ಜಾಗದಲ್ಲಿ ಯಾವುದೋ ಔಷಧಿ ಅಂಗಡಿ. ಅವಳ ಹುಬ್ಬು ಗಂಟಾಯಿತು.

ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದಾಗ ಮತ್ತೆ ಕರೆ ಬಂತು.

"ಕೇಳಮ್ಮಾ, ಒಂದು ಯಡವಟ್ಟಾಗಿದೆ. ದುಡ್ಡು ಎರಡು ಸಲ ಹೋಗಿದೆಯಂತೆ. ಒಂದು ಸಲದ್ದು ವಾಪಸ್ ಹಾಕ್ತೀಯಾ? ನನ್ನ ಮಗನ ನಂಬರ್ ಕೊಡ್ತೀನಿ, ಅದಕ್ಕೆ ಹಾಕು."

ಸೊಸೆ ಎಡಗೈಯಲ್ಲೇ ಖಾತೆ ತೆರೆದು ನೋಡಿದಳು. ಬಂದಿದ್ದದ್ದು ಒಂದೇ ಸಲದ ದುಡ್ಡು. ಅವಳೊಳಗೆ ವಾರಗಟ್ಟಲೆ ಕುದಿಯುತ್ತಿದ್ದದ್ದು ಒಮ್ಮೆಲೇ ಉಕ್ಕಿತು.

"ಕೊಳ್ಳೋರು ನೀವು, ದುಡ್ಡು ಔಷಧಿ ಅಂಗಡೀದು, ವಾಪಸ್ ಹಾಕಬೇಕಾದ್ದು ಮಗನಿಗೆ! ಚೆನ್ನಾಗಿದೆ ನಾಟಕ. ಮುದುಕಿ ಧ್ವನಿ ಮಾಡ್ಕೊಂಡು ಜನರ ಹೊಟ್ಟೆ ಮೇಲೆ ಹೊಡೀತೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಒಂದು ಸಲ ಟೋಪಿ ಹಾಕಿಸಿಕೊಂಡವಳು ನಾನು, ಇನ್ನೊಂದು ಸಲ ಹಾಕಿಸ್ಕೊಳ್ಳಲ್ಲ. ಇಡ್ರೀ ಫೋನು!"

ಆ ನಂಬರು ಮತ್ತೆ ಕರೆಯದಂತೆ ತಡೆ ಹಾಕಿ ಫೋನನ್ನು ಪಕ್ಕಕ್ಕಿಟ್ಟಳು. ಗಂಡ ಅವಳನ್ನೇ ನೋಡಿದ. ತನ್ನ ತಟ್ಟೆಯಲ್ಲಿದ್ದ ಮೊಟ್ಟೆಯ ಅರ್ಧವನ್ನು ಅವಳ ತಟ್ಟೆಗೆ ಹಾಕಿದ.

"ತಿನ್ನು. ಕೊನೆಗೂ ಬುದ್ಧಿ ಬಂತಲ್ಲ" ಎಂದ. ಎಷ್ಟೋ ವಾರಗಳ ಮೇಲೆ ಅವನು ಆಡಿದ ಉದ್ದದ ಮಾತು ಅದು. ಸೊಸೆಗೆ ಖುಷಿಯಾಯಿತು, ಮೊಟ್ಟೆ ರುಚಿಸಿತು ಕೂಡ. ಅತ್ತೆ ಮಾತ್ರ "ಆ ಹೆಂಗಸು ಕತ್ತು ನೋವಿನ ವಿಷಯ ಅಷ್ಟು ಬಿಡಿಸಿ ಹೇಳಿದ್ಲಲ್ಲೇ" ಎಂದು ಗೊಣಗಿದರು.

ಸಂಜೆ ಸೊಸೆ ಮತ್ತೆ ಖಾತೆ ನೋಡಿದಳು. ಅದೇ ಔಷಧಿ ಅಂಗಡಿಯ ಹೆಸರಿನಲ್ಲಿ ಇನ್ನೊಂದು ಎಂಟುನೂರು ಕೂತಿತ್ತು. ಎಲ್ಲಿ ಸಿಕ್ಕಿಹಾಕಿಕೊಂಡಿತ್ತೋ, ತಡವಾಗಿ ಬಂದಿತ್ತು. ಆ ಹೆಂಗಸು ಹೇಳಿದ್ದು ಅಕ್ಷರಶಃ ನಿಜ.

ತಡೆ ತೆಗೆದು ಕರೆದಳು. ಆ ಕಡೆ ಯಾರೂ ಎತ್ತಲಿಲ್ಲ. ಎರಡನೇ ಸಲಕ್ಕೆ ಅಲ್ಲಿಂದಲೂ ತಡೆ ಬಿದ್ದಿರುವುದು ತಿಳಿಯಿತು. ಗೊರಕೆಯ ಫೋಟೋದ ಕೆಳಗೆ ಯಾರೋ ಬರೆದಿದ್ದರು: "ಇವರು ಮೋಸಗಾರರು. ನನ್ನ ತಾಯಿಯ ದುಡ್ಡು ತಿಂದು ಅವರನ್ನೇ ಬೈದಿದ್ದಾರೆ. ಹುಷಾರಾಗಿರಿ." ಮೋಸಗಾರರು! ಸೊಸೆ ಆ ಪದವನ್ನು ನೋಡುತ್ತ ನಿಂತಳು. ಹೆಚ್ಚುಕಡಿಮೆ ಅದನ್ನೇ ತಾನು ಇನ್ನೊಬ್ಬರಿಗೆ ಅಂದಿದ್ದಳು, ಅದೀಗ ತನ್ನ ಮನೆ ಬಾಗಿಲಿಗೇ ಬಂದು ಕೂತಿತ್ತು.

ಗಂಡ ಓದಿ ತಲೆ ಕೆರೆದುಕೊಂಡ. "ಬೇಕು ಅಂತ ಮಾಡಿದ್ದಲ್ಲವಲ್ಲ. ಅವರೇ ತಡೆ ಹಾಕಿದ್ಮೇಲೆ ನಾವೇನು ಮಾಡೋಕಾಗುತ್ತೆ? ನಮ್ಮದೂ ಹೋಗಿತ್ತು. ಅದರಲ್ಲಿ ಇಷ್ಟಾದರೂ ಬಂತು ಅಂದ್ಕೋ."

"ಏನಂದೆ?"

ಇಬ್ಬರೂ ತಿರುಗಿ ನೋಡಿದರು. ಅತ್ತೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕೂದಲ ತುಂಬ ಹತ್ತಿ, ಕೈಯಲ್ಲಿ ಅರ್ಧ ತುಂಬಿದ ದಿಂಬು.

"ಇನ್ನೊಂದು ಸಲ ಅನ್ನು. ನಿಮ್ಮಪ್ಪನ ಅಂಗಡಿ ಬಾಗಿಲಿಗೆ ಒಬ್ಬ ಗಿರಾಕಿಯೂ ಬಂದು ಬೈದುಕೊಂಡು ಹೋಗಿರಲಿಲ್ಲ. ಆ ಹೆಂಗಸಿನ ವಿಳಾಸ ಇದೆಯೇನೇ?"

"ಇದೆ ಅತ್ತೆ. ದಿಂಬು ಕಳಿಸೋಕೆ ಕೊಟ್ಟಿದ್ರು. ಇದೇ ಊರು, ಆ ತುದಿ."

"ಹಾಗಾದ್ರೆ ದುಡ್ಡನ್ನ ಬಂದ ದಾರೀಲೇ ಕಳಿಸಬಾರದಾ? ನೀನೇ ಬಾಯಿಪಾಠ ಮಾಡ್ತಿದ್ದೆಯಲ್ಲ?"

"ಅದು ಔಷಧಿ ಅಂಗಡಿಗೆ ಹೋಗುತ್ತೆ. ಅಂಗಡಿಯವರು ಅವರಿಗೆ ಕೊಡ್ತಾರೋ ಬಿಡ್ತಾರೋ. ಅದೂ ಅಲ್ಲದೆ..." ಸೊಸೆ ಫೋನು ಕೆಳಗಿಟ್ಟಳು. "ನಾನು ಬೈದಿದ್ದನ್ನ ಯಾವ ದಾರೀಲಿ ವಾಪಸ್ ಕಳಿಸ್ಲಿ?"

ಅತ್ತೆ ಮಗನ ಕಡೆ ತಿರುಗಿದರು. "ಭಾನುವಾರ ಬಾಡಿಗೆ ಬೇಡ. ವ್ಯಾನು ನಮ್ಮನ್ನ ಕರ್ಕೊಂಡು ಹೋಗಲಿ."

ಭಾನುವಾರ ಮೂವರೂ ಹೊರಟರು. ಮಕ್ಕಳು ಕೂರುವ ಗಿಡ್ಡ ಸೀಟಿನಲ್ಲಿ ಅತ್ತೆ ಮೊಣಕಾಲು ಮುದುಡಿ, ಮಡಿಲಲ್ಲಿ ದಿಂಬು ಇಟ್ಟುಕೊಂಡು ಕೂತಿದ್ದರು. ಮೂರಂತಸ್ತಿನ ಒಂದು ಹಳೇ ಕಟ್ಟಡ, ಮೆಟ್ಟಿಲ ಮೇಲೆ ಬಕೆಟ್ಟು, ಸೈಕಲ್ಲು, ಒಣಗುವ ಬಟ್ಟೆ. ಬಾಗಿಲು ತಟ್ಟಿದಾಗ ಸರಪಳಿ ಹಾಕಿದ ಹಾಗೇ ಅದು ಒಂದು ಗೇಣು ತೆರೆಯಿತು. ಸಂದಿಯಲ್ಲಿ ಕನ್ನಡಕದ ಒಂದು ಗಾಜು, ನರೆತ ಅರ್ಧ ತಲೆ ಕಂಡಿತು.

"ಅಮ್ಮಾ, ನಾವು ದಿಂಬಿನ ಮನೆಯವರು. ನಿಮ್ಮ ದುಡ್ಡು ವಾಪಸ್ ಕೊಡೋಣ ಅಂತ..." ಎಂದಳು ಸೊಸೆ.

"ಬೇಡ. ಆ ಧ್ವನಿ ನನಗೆ ಗೊತ್ತಾಯ್ತು" ಎಂದಿತು ಒಳಗಿನ ಧ್ವನಿ. "ದುಡ್ಡು ಕೊಡ್ತೀವಿ ಅಂತ ಮನೆ ಬಾಗಿಲಿಗೆ ಬರೋರನ್ನ ಒಳಗೆ ಬಿಡಬೇಡ ಅಂತ ನನ್ನ ಮಗ ಹೇಳಿದ್ದಾನೆ. ಹೋಗ್ತೀರೋ, ಪಕ್ಕದ ಮನೆಯವರನ್ನ ಕೂಗ್ಲೋ?"

"ಕೂಗಿ" ಎಂದರು ಅತ್ತೆ.

ಮಗ ಬೆಚ್ಚಿ ಅಮ್ಮನ ಕಡೆ ನೋಡಿದ. ಅತ್ತೆ ಸೊಸೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಸಂದಿಯ ಎದುರು ನಿಂತರು.

"ಕೂಗಿ ತಾಯಿ, ಅವರೂ ಕೇಳಲಿ. ನೀವು ಅನುಮಾನಪಟ್ಟಿದ್ದು ಸರಿಯಾಗಿದೆ. ಆದ್ರೆ ನಿಮ್ಮನ್ನ ಬೈದ ಬಾಯಿ ನನ್ನ ಸೊಸೇದಾದ್ರೂ ತಪ್ಪು ಅವಳದ್ದಲ್ಲ, ನಂದು. ಮೊನ್ನೆ ಒಬ್ಬ ಇವಳಿಗೆ ಟೋಪಿ ಹಾಕಿದ. ಇವಳು ಖಾತೆ ತೆಗೆದು ನೋಡೋಳೇ ಇದ್ಲು. ನೋಡಬೇಡ, ಬೋಣಿ ದುಡ್ಡು ಎಣಿಸಬಾರದು ಅಂತ ಕೂಗಿ ಕೈ ತಡೆದವಳು ನಾನು. ದುಡ್ಡು ಹೋಯ್ತು. ನನ್ನ ಮಗ ಇವಳನ್ನ ಬೈದ. ಇವಳು ನನ್ನ ಹೆಸರು ಎತ್ತಲಿಲ್ಲ. ನಾನೂ ತುಟಿ ಬಿಚ್ಚಲಿಲ್ಲ. ಇವಳ ಕೈಲೇ ಬೇಯಿಸಿದ್ದು ಉಣ್ಣುತ್ತಾ, ಇವಳು ಬೈಸಿಕೊಳ್ಳೋದನ್ನ ಇಷ್ಟು ದಿನ ಕೂತು ನೋಡ್ತಿದ್ದೆ. ಆ ಸಂಕಟ ಎಲ್ಲಾ ನಿಮ್ಮ ಮೇಲೆ ಬಿತ್ತು, ಅಷ್ಟೇ."

ಮಗನ ಕೈಯಲ್ಲಿ ವ್ಯಾನಿನ ಕೀಲಿ ಕಿಣಿಕಿಣಿ ಎನ್ನುತ್ತಿದ್ದದ್ದು ನಿಂತಿತು. ಸೊಸೆ ನೆಲ ನೋಡಿದಳು. ಕೇಳಬೇಕೆಂದು ಅಷ್ಟು ದಿನ ಕಾದಿದ್ದ ಮಾತು ಕೇಳಿದಾಗ ಅವಳಿಗೆ ಗೆದ್ದ ಹಾಗಾಗಲಿಲ್ಲ. ಅತ್ತೆಯನ್ನು ಅಪ್ಪಿಕೊಂಡು ಅಳಬೇಕೆನ್ನಿಸಿತು.

ಅತ್ತೆ ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಸಂದಿಯಲ್ಲಿ ಚಾಚಿದರು. ಒಳಗಿನ ಕೈ ಅನುಮಾನದಿಂದಲೇ ತೆಗೆದುಕೊಂಡಿತು.

"ಎಣಿಸಿ" ಎಂದರು ಅತ್ತೆ. "ನನ್ನೆದುರಿಗೇ ಎಣಿಸಿ."

ಒಳಗೆ ನೋಟು ಸರಿಸುವ ಸದ್ದಾಯಿತು. "ಸರಿಯಾಗಿದೆ" ಎಂದಿತು ಧ್ವನಿ, ಮೊದಲಿಗಿಂತ ಮೆತ್ತಗೆ. "ದಿಂಬು ತಂದಿದೀರಾ? ಆ ಸಂದೀಲಿ ಹಿಡೀರಿ."

ದಿಂಬಿನ ಒಂದು ಮೂಲೆಯನ್ನು ಸಂದಿಗೆ ತುರುಕಿದರು. ನಾಲ್ಕು ಬೆರಳು ಬಂದು ಅದನ್ನು ಅಳೆದವು, ಒತ್ತಿದವು.

"ಎತ್ತರ ಸರಿ. ಗಟ್ಟಿ ಜಾಸ್ತಿಯಾಯ್ತು."

"ಆಗಿರುತ್ತೆ. ಮನಸ್ಸು ಸರಿ ಇಲ್ಲದಾಗ ತುಂಬಿದ್ದು" ಎಂದರು ಅತ್ತೆ. ಅಲ್ಲೇ ಮೆಟ್ಟಿಲ ಮೇಲೆ ಕೂತು, ತುರುಬಿನ ಸೂಜಿ ಎಳೆದು ಹೊಲಿಗೆಯ ಬಾಯಿ ಬಿಚ್ಚಿದರು. ಗಿಡಿದಿದ್ದ ಹತ್ತಿಯನ್ನು ಹಿಡಿ ಹಿಡಿಯಾಗಿ ತೆಗೆದು ಸೊಸೆಯ ಸೆರಗಿಗೆ ಹಾಕಿದರು. ಉಳಿದದ್ದನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಹಗುರ ಮಾಡಿದರು. ಹತ್ತಿ ಹಾರಿ ಬಕೆಟ್ಟಿಗೆ, ಸೈಕಲ್ಲಿಗೆ, ಯಾರದೋ ಒಣಗುವ ಅಂಗಿಗೆ ಅಂಟಿತು. ಮಗ ಅದನ್ನು ಆರಿಸುತ್ತಾ ಓಡಾಡಿದ. ಈ ಗಲಾಟೆ ಸಂದಿಯಿಂದ ಸರಿಯಾಗಿ ಕಾಣಲಿಲ್ಲವೇನೋ. ಸರಪಳಿ ಕಳಚಿ ಬಾಗಿಲು ಪೂರ್ತಿ ತೆರೆಯಿತು.

"ನನ್ನ ಮೆಟ್ಟಿಲೆಲ್ಲಾ ಹತ್ತಿ ಮಾಡ್ತಿದೀರಲ್ರೀ" ಎಂದಳು ಗಿಡ್ಡನೆಯ ಆ ಹೆಂಗಸು, ಸೊಂಟದ ಮೇಲೆ ಕೈಯಿಟ್ಟು. ಆಮೇಲೆ ಸೊಸೆಯ ಕಡೆ ನೋಡಿದಳು. "ನೀನೇನಾ ಬೈದವಳು? ಚಿಕ್ಕವಳಿದೀಯ. ಬೈಗುಳ ಮಾತ್ರ ದೊಡ್ಡದು."

"ತಪ್ಪಾಯ್ತಮ್ಮ" ಎಂದಳು ಸೊಸೆ.

"ಮುದುಕಿ ಧ್ವನಿ ಮಾಡ್ಕೊಂಡು ಅಂದ್ಯಲ್ಲ, ಅದೊಂದು ಸಿಟ್ಟು ಬಂತು ನನಗೆ. ಇದು ನನ್ನದೇ ಧ್ವನಿ. ಫೋನಲ್ಲಿ ದುಡ್ಡು ಹಾಕೋಕೆ ಬರದೆ ಔಷಧಿ ಅಂಗಡಿಯವನ ಕೈಲಿ ಹಾಕಿಸಿದ್ದೆ, ಅಷ್ಟೇ." ಹೆಂಗಸು ದಿಂಬು ತೆಗೆದುಕೊಂಡು ಕೆನ್ನೆಗೊತ್ತಿ ನೋಡಿದಳು. "ಈಗ ಸರಿಯಾಯ್ತು. ಒಳಗೆ ಬನ್ನಿ, ಚಹಾ ಮಾಡ್ತೀನಿ. ಮಗನಿಗೆ ಹೇಳಿ ಆ ಬರೆದಿದ್ದನ್ನೂ ತೆಗೆಸ್ತೀನಿ."

ವಾಪಸ್ ಬರುವಾಗ ಒಂದು ತಿರುವಿನಲ್ಲಿ ಮಗ ವ್ಯಾನನ್ನು ನಿಧಾನ ಮಾಡಿ, ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ ಕೇಳಿದ.

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಅಮ್ಮನ ಜೊತೆ ಮಾತು ಬಿಡ್ತಿದ್ರಿ. ನನ್ನ ಜೊತೆ ಬಿಟ್ರೆ ನಾನು ತಡ್ಕೋತೀನಿ. ಅವರಿಗೆ ವಯಸ್ಸಾಗಿದೆ."

ಮನೆ ತಲುಪಿದ ಮೇಲೆ ಅವನು ಎಂದೂ ಇಲ್ಲದ ಹಾಗೆ ಕಸಬರಿಗೆ ಹಿಡಿದು ಹಿಂದಿನ ಕೋಣೆ ಗುಡಿಸಿದ. ಹತ್ತಿ ಇದ್ದ ಕಡೆಯಿಂದ ಇಲ್ಲದ ಕಡೆಗೂ ಹರಡಿತು.

ಮರುದಿನ ಬೆಳಿಗ್ಗೆ ಬೇಳೆ ಕುದಿಯುತ್ತಿತ್ತು, ಹಿಂದಿನ ಕೋಣೆಯಲ್ಲಿ ಯಂತ್ರ ಗುರುಗುಟ್ಟುತ್ತಿತ್ತು. ಸೊಸೆಯ ಫೋನು ಕಿಣಿಕಿಣಿ ಎಂದಿತು. ಆ ನರ್ಸಮ್ಮನ ಪಕ್ಕದ ಮನೆಯವರಂತೆ, ಎರಡು ದಿಂಬು ಬೇಕಂತೆ, ದುಡ್ಡು ಹಾಕಿದ್ದಾರಂತೆ. ಸೊಸೆ ಹೆಬ್ಬೆರಳು ಎತ್ತಿದವಳು ಹಾಗೇ ನಿಂತಳು. ಯಂತ್ರದ ಸದ್ದು ನಿಂತಿತ್ತು. ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು, ತಲೆಯ ತುಂಬ ಹತ್ತಿ. ಒಂದು ಕೈಯಲ್ಲಿ ಮಾವನ ತಗಡಿನ ಡಬ್ಬಿ, ಮುಚ್ಚಳ ತೆರೆದಿತ್ತು.

"ಬೋಣಿ ಅತ್ತೆ" ಎಂದಳು ಸೊಸೆ ಮೆಲ್ಲಗೆ.

"ಗೊತ್ತು. ನನ್ನ ಮುಖ ಏನು ನೋಡ್ತೀಯ?" ಎಂದರು ಅತ್ತೆ. "ಬಂದಿದೆಯಾ ನೋಡು. ಎಣಿಸಿ ಹೇಳು."